ಗ್ರೀಕ್ ಪೇಪರಿನ ವರ್ಷ ಮೂರು ಸೆಟ್ ಜೆರಾಕ್ಸ್

ಮೊನ್ನೆ ಒಂದು ತರಬೇತಿಗೆಂದು ಶಿಡ್ಲಘಟ್ಟಕ್ಕೆ ಹೋಗಿದ್ದೆ. ಬಸ್ಸಿಳಿದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ರೇಷ್ಮೆಗೂಡು ಬೇಯುವ ವಾಸನೆ ಮೂಗಿಗೆ ಬಡಿಯಿತು. ಜೊತೆಗಿದ್ದ ಹೊಸ ಮೇಷ್ಟ್ರು ಕರವಸ್ತ್ರ ತೆಗೆದರು. ನನಗೆ ಮಾತ್ರ ಆ ವಾಸನೆ ಬಂದರೆ ಅಥೆನ್ಸ್ ನೆನಪಾಗುತ್ತದೆ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಓದಿ.

ಏಳು ವರ್ಷದ ಹಿಂದಿನ ಮಾತು. ನಾನಾಗ ಗೌರಿಬಿದನೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಪಿಯು ಕಾಲೇಜಿಗೆ ಬಡ್ತಿ ಬೇಕಿದ್ದರೆ ಎಂ.ಎ. ಬೇಕು. ಮನೆಯಲ್ಲೇ ಓದಿಕೊಂಡು ಪರೀಕ್ಷೆ ಕಟ್ಟುವ ಎಂ.ಎ. ಇತಿಹಾಸಕ್ಕೆ ಸೇರಿದ್ದೆ. ಮೈಸೂರು ಅರಸರು, ಸ್ವಾತಂತ್ರ್ಯ ಹೋರಾಟ, ಇವೆಲ್ಲ ಹೇಗೋ ದಾಟುತ್ತಿದ್ದವು. ಎರಡನೇ ವರ್ಷದಲ್ಲಿ ಪ್ರಾಚೀನ ಗ್ರೀಸ್ ಎಂಬ ಪೇಪರ್ ಇತ್ತು. ಅದಕ್ಕೆ ಕನ್ನಡದಲ್ಲಿ ಓದಲು ಸರಿಯಾದದ್ದೇನೂ ಸಿಗುತ್ತಿರಲಿಲ್ಲ, ಇಂಗ್ಲಿಷ್ ಪುಸ್ತಕ ತೆರೆದರೆ ಹೆಸರುಗಳನ್ನು ನೋಡಿಯೇ ತಲೆ ತಿರುಗುತ್ತಿತ್ತು. ಹಾಗಾಗಿ ನಾಲ್ಕು ಊರಿನ ನಾಲ್ಕು ಮೇಷ್ಟ್ರುಗಳು ಸೇರಿ ಒಂದು ಗುಂಪು ಮಾಡಿಕೊಂಡೆವು.

ಚಿಕ್ಕಬಳ್ಳಾಪುರದ ಗೋವಿಂದಪ್ಪ ಸಾರ್ ನಮ್ಮಲ್ಲಿ ಹಿರಿಯರು. ಆಗಲೇ ಕನ್ನಡದಲ್ಲಿ ಒಂದು ಎಂ.ಎ. ಮುಗಿಸಿ ಇನ್ನೊಂದಕ್ಕೆ ಕೂತಿದ್ದರು. ಪರೀಕ್ಷೆ ಬರೆಯುವ ಗುಟ್ಟು ತಮ್ಮ ಜೇಬಿನಲ್ಲಿದೆ ಎನ್ನುವ ಹಾಗೆ ಮಾತಾಡುವರು. ಚಿಂತಾಮಣಿ ಕಡೆಯಿಂದ ರಾಮಕೃಷ್ಣಾರೆಡ್ಡಿ. ಮುರುಗಮಲ್ಲದ ಹತ್ತಿರ ಜಮೀನು, ಹಸುಗಳಿರುವ ಮನೆ. ಅವರ ಕನ್ನಡ ತೆಲುಗಿನಲ್ಲಿ ಶುರುವಾಗಿ ತೆಲುಗಿನಲ್ಲೇ ಮುಗಿಯುತ್ತಿತ್ತು. ಶಿಡ್ಲಘಟ್ಟದ ಶಾಹೀನಾ ನಮ್ಮೆಲ್ಲರಿಗಿಂತ ಚಿಕ್ಕವಳು, ಉರ್ದು ಶಾಲೆಯ ಟೀಚರು. ಅವಳ ಮನೆಯ ಕೆಳಗಡೆಯೇ ಅತ್ತೆಮನೆಯವರ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ. ಮಹಡಿಯ ಮೇಲೆ ಕೂತು ಓದುವಾಗ ಕೆಳಗಿನ ಹಬೆಯೂ ವಾಸನೆಯೂ ಕಿಟಕಿಯಿಂದ ಒಳಗೆ ಬರುತ್ತಿದ್ದವು.

ಶಾಹೀನಾಳದು ಬೇರೆಯೇ ಸ್ಥಿತಿ. ನಮಗೆಲ್ಲ ಇನ್ನೂ ಎರಡು ಮೂರು ಅವಕಾಶಗಳಿದ್ದವು. ಅವಳು ಈ ಗ್ರೀಕ್ ಪೇಪರ್‌ನಲ್ಲಿ ಆಗಲೇ ಎರಡು ಸಲ ಬಿದ್ದಿದ್ದಳು. ಆ ವರ್ಷಕ್ಕೆ ಅವಳ ನೋಂದಣಿ ಮುಗಿಯುತ್ತಿತ್ತು. ಮೂರನೇ ಸಲವೂ ಹೋದರೆ ಪಾಸಾಗಿದ್ದ ಉಳಿದೆಲ್ಲ ಪೇಪರೂ ಹೋದ ಹಾಗೆ, ಮತ್ತೆ ಮೊದಲ ವರ್ಷದಿಂದ ಶುರು. ಮೊದಲ ದಿನವೇ ಇದನ್ನು ನಮ್ಮೆದುರು ಹೇಳಿದ್ದಳು.

"ನಂಗೆ ಇದೇ ಕೊನೇದು ಮೇಡಂ. ನನ್ನಿಂದ ಏನ್ ಕೆಲ್ಸ ಬೇಕಾದ್ರೂ ಹೇಳಿ, ಮಾಡ್ತೀನಿ. ಬಿಟ್ ಮಾತ್ರ ಹೋಗ್ಬೇಡಿ."

"ಏಮ್ಮಾ, ಬಿಟ್ಟೋಗಕ್ಕೆ ನಾವೇನು ಬಸ್ಸಾ?" ಎಂದರು ರೆಡ್ಡಿ.

ಜೂನ್‌ನಲ್ಲಿ ಒಪ್ಪಂದವಾಯಿತು. ಒಬ್ಬೊಬ್ಬರು ಒಂದೊಂದು ಅಧ್ಯಾಯ ಓದಿ ಕನ್ನಡದಲ್ಲಿ ಬರೆದು ತರಬೇಕು. ಭಾನುವಾರಕ್ಕೊಂದು ಊರು. ಬರೆದದ್ದನ್ನು ನಾಲ್ಕು ಸೆಟ್ ಜೆರಾಕ್ಸ್ ಮಾಡಿಸಿ ಹಂಚಿಕೊಳ್ಳುವುದು, ಮೂಲ ಪ್ರತಿಗಳೆಲ್ಲ ಒಂದು ಫೈಲಿನಲ್ಲಿ. ಫೈಲು ಯಾರ ಹತ್ತಿರ ಎಂಬ ಪ್ರಶ್ನೆಯೇ ಬರಲಿಲ್ಲ. ಸಾರ್ ಅದನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು.

ಅಥೆನ್ಸಿನ ಮಿತ್ರ ಊರುಗಳು ಅದರ ಮೇಲೆ ತಿರುಗಿ ಬಿದ್ದ ಅಧ್ಯಾಯ ಶಾಹೀನಾಳ ಪಾಲಿಗೆ ಬಂತು. ಆ ಭಾನುವಾರ ಮುರುಗಮಲ್ಲದಲ್ಲಿ ಸೇರಿದ್ದೆವು. ಹೊರಗೆ ಸಣ್ಣಗೆ ಮಳೆ. ರೆಡ್ಡಿ ಮನೆಯ ಜಗಲಿಯಲ್ಲಿ ಕೂತು ಅವಳು ಹೇಳಿದ್ದು ಇವತ್ತಿಗೂ ನನಗೆ ನೆನಪಿದೆ. ಪರ್ಷಿಯಾದವರನ್ನು ಓಡಿಸಿದ ಮೇಲೆ, ಅವರು ಮತ್ತೆ ಬಂದರೆ ಎಂಬ ಭಯಕ್ಕೆ ಸಣ್ಣ ಸಣ್ಣ ದ್ವೀಪದ ಊರುಗಳು ಅಥೆನ್ಸಿನ ಜೊತೆ ಒಂದು ಒಕ್ಕೂಟ ಮಾಡಿಕೊಂಡವು. ಹಡಗು ಕೊಡುವವರು ಹಡಗು, ಆಗದವರು ಬೆಳ್ಳಿ. ಬೊಕ್ಕಸ ಡೆಲೋಸ್ ಎಂಬ ದ್ವೀಪದ ದೇವಸ್ಥಾನದಲ್ಲಿ, ಎಲ್ಲರಿಗೂ ಸೇರಿದ್ದು. ಬರಬರುತ್ತಾ ಹಡಗಿನ ಕಷ್ಟ ಯಾಕೆ ಎಂದು ಬಹಳ ಊರುಗಳು ಬೆಳ್ಳಿಗೇ ಒಪ್ಪಿಕೊಂಡವು. ಅಥೆನ್ಸಿಗೆ ಬೇಕಾದದ್ದೂ ಅದೇ. ಅವರ ಬೆಳ್ಳಿಯಲ್ಲಿ ತನ್ನ ಹಡಗು ಕಟ್ಟಿತು. ಒಂದು ದಿನ ಬೊಕ್ಕಸವೂ ಅಥೆನ್ಸಿಗೆ ಬಂತು.

"ಬಿಟ್ಟು ಹೋಗ್ತೀನಿ ಅಂದ್ರೆ?" ಎಂದು ಕೇಳಿದೆ.

"ಮೊದ್ಲು ನಕ್ಸೋಸ್ ದ್ವೀಪ ಹಂಗಂತು. ಮುತ್ತಿಗೆ ಹಾಕಿ ಮಣಿಸಿದ್ರು. ಆಮೇಲೆ ಥಾಸೋಸ್. ಕೋಟೆ ಗೋಡೆ ಕೆಡವಿಸಿ, ಇದ್ದ ಹಡಗೂ ಕಿತ್ಕೊಂಡ್ರು. ಬೆಳ್ಳಿ ಕೊಟ್ಟು ಕೊಟ್ಟು ಕೂತಿದ್ದವರ ಕತೆ ಇನ್ನೂ ಬೇಜಾರು ಮೇಡಂ. ತಿರುಗಿ ಬೀಳೋ ದಿನ ನೋಡಿದ್ರೆ ಅವ್ರ ಹತ್ರ ಹಡಗೂ ಇಲ್ಲ, ಹುಟ್ಟು ಹಾಕೋದೂ ಮರ್ತೋಗಿದೆ."

ಹೀಗೆ ಹೇಳುವಾಗ ಅವಳು ನೋಡಿಕೊಳ್ಳುತ್ತಿದ್ದದ್ದು ಒಂದು ಉದ್ದನೆಯ ನೋಟ್‌ಬುಕ್ಕು. ಹತ್ತನೇ ಕ್ಲಾಸಿನವರೆಗೆ ಉರ್ದು ಮಾಧ್ಯಮದಲ್ಲಿ ಓದಿದವಳು, ಬೇಗ ಬರೆದುಕೊಳ್ಳಬೇಕೆಂದರೆ ಕೈ ಉರ್ದುವಿಗೇ ಹೋಗುತ್ತಿತ್ತು. ನಾವು ಮಾತಾಡುತ್ತಿದ್ದರೂ ಅವಳ ಪೆನ್ನು ಬಲದಿಂದ ಎಡಕ್ಕೆ ಓಡುತ್ತಲೇ ಇರುತ್ತಿತ್ತು. ಆಗ ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ದೀಪಾವಳಿ ಆದಮೇಲೆ ಸಾರ್ ಹೇಳಿದರು, "ಊರೂರು ಯಾಕ್ರಮ್ಮ ಅಲೀತೀರ? ಚಿಕ್ಕಬಳ್ಳಾಪುರ ಎಲ್ರಿಗೂ ನಡುವೆ. ನಮ್ಮನೇಗೇ ಬಂದ್ಬಿಡಿ." ಸರಿ ಎಂದೆವು. ಡಿಸೆಂಬರ್ ಹೊತ್ತಿಗೆ ಇನ್ನೊಂದು ಮಾತು ಬಂತು. "ನೀವು ವಿಷಯ ಹುಡುಕಿ ತಂದ್ಕೊಡಿ ಸಾಕು. ಉತ್ತರ ನಾನು ಬರೆದು ಕೊಡ್ತೀನಿ. ಅದನ್ನೇ ಓದ್ಕೊಳ್ಳಿ." ನನಗೂ ರೆಡ್ಡಿಗೂ ಇದಕ್ಕಿಂತ ಸುಖ ಬೇಕಿತ್ತೇ? ಶಾಹೀನಾ ಮಾತ್ರ ಒಪ್ಪಲಿಲ್ಲ.

"ನನ್ನ ಉತ್ರ ನಾನೇ ಬರೀತೀನಿ ಸಾರ್."

"ನಿಂಗ್ಯಾಕಮ್ಮ ಕಷ್ಟ? ಎರಡ್ ಸಲ ಬರ್ದು ನೋಡಿದ್ದೀಯಲ್ಲ."

ಅವಳ ಮುಖ ಸಣ್ಣದಾಯಿತು. ಆದರೂ ಅವಳು ಬರೆದಳು.

ಜನವರಿ, ಅವರೆಕಾಯಿ ಕಾಲ. ರೆಡ್ಡಿಯ ಸಂಬಂಧಿಕರೊಬ್ಬರು ಒಂದು ಸುದ್ದಿ ತಂದಿದ್ದರು. ಗೋವಿಂದಪ್ಪ ಸಾರ್ ಯಾವುದೋ ಪುಸ್ತಕದಂಗಡಿಯವರ ಹತ್ತಿರ ಗ್ರೀಸ್ ಇತಿಹಾಸದ ಗೈಡು ಅಚ್ಚು ಹಾಕಿಸುವ ಮಾತಾಡುತ್ತಿದ್ದಾರಂತೆ. ಹೆಸರು ಅವರೊಬ್ಬರದೇ ಅಂತೆ. ನಿಜವೋ ಸುಳ್ಳೋ, ಆ 'ಅಂತೆ' ಒಳಗೆ ಹೊಕ್ಕಮೇಲೆ ಸಾರ್ ಮಾಡಿದ್ದೆಲ್ಲ ಬೇರೆ ಥರ ಕಾಣತೊಡಗಿತು. ಫೈಲು ಯಾಕೆ ಅವರ ಹತ್ತಿರವೇ? ಡಿಸೆಂಬರಿನಿಂದ ಅದಕ್ಕೆ ಸೇರಿದ್ದರ ಜೆರಾಕ್ಸ್ ನಮಗೆ ಕೊಟ್ಟಿಲ್ಲ ಯಾಕೆ? ನಮಗೆ ಬರೆಯಬೇಡಿ ಅಂದದ್ದು ಯಾಕೆ? ಕಾಫಿ ಕೊಡುವಾಗ ಅವರ ಮನೆಯವರು ಅಷ್ಟು ನಗುವುದು ಯಾಕೆ? ಹೌದು, ಕಾಫಿಯ ಮೇಲೂ ನನಗೆ ಅನುಮಾನ.

ಸಾರ್ ಯಾವುದೋ ಮದುವೆಗೆ ಹೋಗಿದ್ದ ಭಾನುವಾರ ನಾವು ಮೂವರೂ ಅವರಿಗೆ ಹೇಳದೆ ಶಾಹೀನಾಳ ಮಹಡಿಯಲ್ಲಿ ಸೇರಿದೆವು. ಮುಂದೆ ಒಂದು ಮೊರದ ತುಂಬ ನೆನೆಸಿದ ಅವರೆಕಾಳು. ಹಿತುಕುತ್ತಾ ಮಾತಾಡಿದೆವು. ಮೊದಲು ನಮ್ಮ ಬರಹ ನಮ್ಮ ಕೈಗೆ ಬರಲಿ, ಆಮೇಲೆ ಬೇರೆಯಾಗುವುದು ಎಂದು ತೀರ್ಮಾನವಾಯಿತು. ಏನೋ ನೆಪ ಹೇಳಿ ಫೈಲು ಇಸಕೊಂಡು ಜೆರಾಕ್ಸ್ ಮಾಡಿಸುವ ಕೆಲಸ ನನ್ನದು.

"ಹುಷಾರು ಮೇಡಂ," ಎಂದಳು ಶಾಹೀನಾ. "ಮಿಟಿಲೀನ್‌ನವ್ರು ತಿರುಗಿ ಬೀಳೋಕೆ ಇನ್ನೂ ತಯಾರಿ ಮಾಡ್ತಿದ್ರು. ಅದೂ ಒಕ್ಕೂಟದ್ದೇ ಊರು. ಅಷ್ಟ್ರಲ್ಲೇ ಅಥೆನ್ಸಿಗೆ ಸುದ್ದಿ ಮುಟ್ಟಿತ್ತು. ಹೇಳಿದ್ದು ಅಕ್ಕಪಕ್ಕದ ಊರವ್ರು. ಅವ್ರ ಊರಿನವ್ರೂ ಕೆಲವ್ರು ಸೇರ್ಕೊಂಡಿದ್ರು."

ಹೇಳಿ, ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು.

ಮುಂದಿನ ಶನಿವಾರ ಸಾರ್ ಮನೆಗೆ ಹೋಗಿ, ನನ್ನ ಅಧ್ಯಾಯದಲ್ಲಿ ತಪ್ಪಾಗಿದೆ, ತಿದ್ದಿ ತರುತ್ತೇನೆ ಎಂದೆ. ಸುಳ್ಳೂ ಅಲ್ಲ, ಸಾಮೋಸ್ ದ್ವೀಪವನ್ನು ಅವಸರದಲ್ಲಿ ಇಟಲಿಯ ಪಕ್ಕಕ್ಕೆ ಕಳಿಸಿದ್ದೆ, ಅದು ಇರುವುದು ಈಗಿನ ಟರ್ಕಿಯ ದಂಡೆಯಲ್ಲಿ. ಸಾರ್ ಫೈಲನ್ನೇ ಕೊಟ್ಟರು. ನೇರ ಬಸ್‌ಸ್ಟ್ಯಾಂಡ್ ಹತ್ತಿರ ನಾವು ಯಾವಾಗಲೂ ಹೋಗುವ ಜೆರಾಕ್ಸ್ ಅಂಗಡಿಗೆ ಹೋಗಿ ಪೂರ್ತಿ ಫೈಲು ಮೂರು ಸೆಟ್ ಹಾಕಿಸಿದೆ. ನನಗೊಂದು, ರೆಡ್ಡಿಗೊಂದು, ಶಾಹೀನಾಳಿಗೊಂದು. ಸಂಜೆಯೊಳಗೆ ಫೈಲು ವಾಪಸ್. ಅವಸರದಲ್ಲಿ ಸಾಮೋಸ್ ತಿದ್ದುವುದು ಮರೆತೇ ಹೋಯಿತು. ಬಸ್ಸಿನಲ್ಲಿ ಗೌರಿಬಿದನೂರಿಗೆ ಬರುವಾಗ ಎಂಥಾ ಬುದ್ಧಿವಂತೆ ನಾನು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಸಾರ್ ಫೋನು.

"ಏನಮ್ಮ ಗೀತಾ, ಬೇರೆ ಒಲೆ ಹೂಡ್ತಿದ್ದೀರಂತೆ?"

"ಯಾರ್ ಹೇಳಿದ್ರು ಸಾರ್?"

"ಯಾರಾದ್ರೇನು. ನಿಮ್ ಮೂವರಲ್ಲಿ ಒಬ್ಬರಿಂದ್ಲೇ ಗೊತ್ತಾಯ್ತು. ಇನ್ಮೇಲೆ ಭಾನುವಾರ ಬರೋ ತೊಂದ್ರೆ ತಗೋಬೇಡಿ."

ರೆಡ್ಡಿಗೆ ಫೋನು ಮಾಡಿದೆ. ಅವರಿಗೂ ಅದೇ ಮಾತು ಬಂದಿತ್ತು. ಮೂವರಲ್ಲಿ ಒಬ್ಬರು. ನಾನಂತೂ ಹೇಳಿಲ್ಲ. ರೆಡ್ಡಿ ಹೇಳಿಲ್ಲ ಎಂದು ಮನೆದೇವರ ಆಣೆ ಹಾಕಿದರು. ಉಳಿದವಳು ಒಬ್ಬಳೇ.

"ಚೂಡಮ್ಮ," ಎಂದರು ರೆಡ್ಡಿ, ದನಿ ಇಳಿಸಿ. "ಅವತ್ತು ಸುದ್ದಿ ಮುಟ್ಟಿಸೋರ ಕತೆ ತಾನಾಗೇ ತೆಗೆದಿದ್ದು ಯಾರು? ಆ ಬುಕ್ಕಲ್ಲಿ ಏನ್ ಬರ್ಕೋತಾಳೆ ಅಂತ ನಮ್ಗೇನಾದ್ರೂ ಗೊತ್ತಾ?"

ಗೊತ್ತಿರಲಿಲ್ಲ. ನನಗೆ ಓದಲು ಬಾರದ ಲಿಪಿಯಲ್ಲಿ ಅವಳು ನಮ್ಮ ಮಾತುಗಳನ್ನೇ ಬರೆದುಕೊಳ್ಳುತ್ತಿದ್ದಾಳೆ ಎಂದು ಒಂದು ಸಲ ಅನಿಸಿದ್ದೇ ತಡ, ಆರೇಳು ತಿಂಗಳ ಎಲ್ಲ ಭಾನುವಾರಗಳೂ ಹಾಗೇ ಕಂಡವು. ಈ ಅನುಮಾನ ರೆಡ್ಡಿಯ ನೋಟ್‌ಬುಕ್ಕಿನ ಮೇಲೆ ಬರುತ್ತಿತ್ತೇ? ಬರುತ್ತಿರಲಿಲ್ಲ. ಅದೂ ತೆಲುಗು ಅಕ್ಷರದಲ್ಲೇ ಇತ್ತು, ನನಗೆ ಅದನ್ನೂ ಓದಲು ಬರುತ್ತಿರಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳಿದರೆ ಬರೆಯುವುದರಲ್ಲಿ ಅರ್ಥವಿಲ್ಲ. ಒಳಗೆ ಇದ್ದದ್ದು ಇತ್ತು.

ಮೂರನೇ ಸೆಟ್ ನನ್ನ ಬೀರುವಿನಲ್ಲಿ ಉಳಿಯಿತು.

ಅವಳು ಮೆಸೇಜ್ ಹಾಕಿದಳು, "ಮೇಡಂ, ನನ್ ಸೆಟ್ ಯಾವಾಗ ಕೊಡ್ತೀರ?" ನೋಡೋಣ ಎಂದೆ. ಹದಿನೈದು ದಿನ ಬಿಟ್ಟು ಮತ್ತೆ ಕೇಳಿದಳು. ಅಲ್ಲಿಯವರೆಗೆ ನಾನು ಅವಳನ್ನು ನೀನು, ಕಣೇ ಎಂದೇ ಮಾತಾಡಿಸುತ್ತಿದ್ದವಳು. ಈ ಸಲ, "ನೀವು ಸಾರ್ ಹತ್ರಾನೇ ಇಸ್ಕೊಳ್ಳಿ, ನಿಮ್ಗೆ ಕೊಡ್ತಾರೆ," ಎಂದು ಬರೆದೆ. ಆ ಬಹುವಚನ ನೋಡಿದರೆ ಅವಳಿಗೆ ಅರ್ಥವಾಗಬೇಕು ಎಂದೇ ಬರೆದದ್ದು. ಅರ್ಥವಾಯಿತು. ಮಾರ್ಚಿನಲ್ಲಿ ಒಮ್ಮೆ ಫೋನು ಮಾಡಿದಳು, ನಾನು ಎತ್ತಲಿಲ್ಲ. ಆಮೇಲೆ ಅವಳೂ ಮಾಡಲಿಲ್ಲ.

ಆ ಬೇಸಿಗೆ ಗೌರಿಬಿದನೂರು ಸುಡುತ್ತಿತ್ತು. ಸುತ್ತಲ ಬಂಡೆಗುಡ್ಡಗಳ ಕಾವು ಸಂಜೆಯಾದರೂ ಇಳಿಯುತ್ತಿರಲಿಲ್ಲ. ಶಾಲೆಗೆ ರಜೆ ಬಿಟ್ಟ ಮೇಲೆ ಫ್ಯಾನಿನ ಕೆಳಗೆ ಕೂತು ನನ್ನ ಸೆಟ್ಟನ್ನು ಓದಿದೆ, ಮತ್ತೆ ಓದಿದೆ. ಸಾರ್ ಬರೆದ ಉತ್ತರಗಳು ನೀಟಾಗಿದ್ದವು. ಓದುವಾಗ ಎಲ್ಲ ತಲೆಯೊಳಗೆ ಹೋದ ಹಾಗೇ ಅನಿಸುತ್ತಿತ್ತು. ಒಂದು ದಿನವೂ ಪೆನ್ನು ಹಿಡಿಯಲಿಲ್ಲ.

ಮೇ ತಿಂಗಳು. ಗ್ರೀಕ್ ಪೇಪರಿಗೆ ಐದು ದಿನ. ಹಾಲ್ ಟಿಕೆಟ್ ತರಲು ಚಿಕ್ಕಬಳ್ಳಾಪುರಕ್ಕೆ ಹೋದವಳು ಅದರ ಪ್ರತಿ ಮಾಡಿಸಲು ಅದೇ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವರು ಗುರುತು ಹಿಡಿದು ಮಾತಿಗೆ ಎಳೆದರು.

"ಏನ್ ಮೇಡಂ, ಕಾಣ್ಸೋದೇ ಇಲ್ಲ. ಅವತ್ತು ದೊಡ್ ಫೈಲ್ ಮಾಡಿಸ್ದಾಗ ಬಂದಿದ್ದೇ ಕೊನೆ."

"ಹೂಂ."

"ಅವತ್ತು ಮೂರೇ ಸೆಟ್ ಅಂದ್ರಲ್ಲ, ಯಾವಾಗ್ಲೂ ನಾಲ್ಕು ಹಾಕ್ಸೋರು. ನೀವು ಅವಸರದಲ್ಲಿ ಮರ್ತಿರಬೇಕು ಅಂತ ಸಾಯಂಕಾಲ ಸಾರ್‌ಗೆ ಫೋನ್ ಮಾಡ್ದೆ. ನಿಮ್ದೊಂದು ಸೆಟ್ ಬಿಟ್ಟೋಗಿದೆ ಸಾರ್, ಫೈಲ್ ಕಳ್ಸಿ, ಹಾಕ್ಕೊಡ್ತೀನಿ ಅಂತ. ಸಾರ್ ಏನೋ ಬೇಡ ಅಂದ್ರು."

ನಾನು ಹಾಲ್ ಟಿಕೆಟ್ಟನ್ನು ಮಡಿಸುತ್ತಾ ನಿಂತೆ. ಅಂಗಡಿಯವರು ಮಾಡಿದ್ದು ಉಪಕಾರ. ಸಾರ್ ಹೇಳಿದ್ದೂ ಸುಳ್ಳಲ್ಲ. ಮೂವರಲ್ಲಿ ಒಬ್ಬರಿಂದಲೇ ಗೊತ್ತಾಗಿದ್ದು. ಆ ಒಬ್ಬರು ನಾನು. ಗುಟ್ಟಿನ ಕೆಲಸಕ್ಕೆ ಹೋದವಳು, ಯಾವಾಗಲೂ ನಾಲ್ಕು ಸೆಟ್ ಹಾಕಿಸುವ ಅಂಗಡಿಗೇ ಹೋಗಿ ಮೂರು ಕೇಳಿದ್ದೆ.

ಮರುದಿನ ಬೆಳಿಗ್ಗೆ ಬೀರು ತೆಗೆದು ಮೂರನೇ ಸೆಟ್ ಚೀಲಕ್ಕೆ ಹಾಕಿಕೊಂಡು ಹೊರಟೆ. ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಶಿಡ್ಲಘಟ್ಟಕ್ಕೆ ಇನ್ನೊಂದು. ಎರಡನೇ ಬಸ್ಸು ಹೊರಡದೆ ಮುಕ್ಕಾಲು ಗಂಟೆ ನಿಂತಿತ್ತು. ಸೀಟಿನ ರೆಗ್ಜಿನ್ನು ಕಾದು ಬೆನ್ನು ಸುಡುತ್ತಿತ್ತು. ಅವಳು ಬಾಗಿಲಿನಿಂದಲೇ ವಾಪಸ್ ಕಳಿಸಿದರೆ ಏನು ಮಾಡುವುದು ಎಂದು ಯೋಚಿಸಿದೆ. ಕಳಿಸಿದರೆ ಸರಿಯೇ ಅನಿಸಿತು.

ಕಳಿಸಲಿಲ್ಲ. ಅವಳ ಅತ್ತೆ ಕೆಳಗಿನಿಂದ ಕೂಗಿ ಹೇಳಿದರು, ಮೇಲೆ ಹೋದೆ. ಶಾಹೀನಾ ಚಾಪೆಯ ಮೇಲೆ ಕೂತು ಬರೆಯುತ್ತಿದ್ದಳು. ಸುತ್ತ ಹಾಳೆಗಳು.

"ಕೂತ್ಕೊಳ್ಳಿ ಮೇಡಂ."

ಸೆಟ್ಟನ್ನು ಅವಳ ಮುಂದಿಟ್ಟೆ. "ಸಾರ್‌ಗೆ ಹೇಳಿದ್ದು ನೀನಲ್ಲ. ನನ್ನಿಂದ್ಲೇ ಗೊತ್ತಾಗಿರೋದು," ಎಂದು ಜೆರಾಕ್ಸ್ ಅಂಗಡಿಯ ಕತೆ ಪೂರ್ತಿ ಹೇಳಿದೆ.

ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ನಿಮ್ಮಿಂದ್ಲೇ ಅಂತ ನಂಗೆ ಅವತ್ತೇ ಗೊತ್ತಿತ್ತು. ಹೆಂಗೆ ಅಂತ ಗೊತ್ತಿರ್ಲಿಲ್ಲ ಅಷ್ಟೆ."

"ಅದ್ಹೆಂಗೆ?"

"ಮೂವರಲ್ಲಿ ಒಬ್ರು ಅಂತ ಸಾರ್ ನಂಗೂ ಫೋನಲ್ಲಿ ಹೇಳಿದ್ರು. ನಾನು ಹೇಳಿಲ್ಲ ಅಂತ ನಂಗೆ ಗೊತ್ತು. ರೆಡ್ಡಿ ಸಾರ್ ಹೇಳಿದ್ರೆ ಅವತ್ತು ಸಾಯಂಕಾಲಾನೇ ನಮ್ಮಿಬ್ರಿಗೂ ಫೋನ್ ಮಾಡಿ, ಅಯ್ಯೋ ಬಾಯ್ತಪ್ಪಿ ಅಂದ್ಬಿಟ್ಟೆ ಅಂತ ಅಳೋರು. ಉಳಿದಿದ್ದು ಯಾರು?"

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನಂಬ್ತಿದ್ರಾ?"

ಕೆಳಗೆ ಯಂತ್ರ ಸದ್ದು ಮಾಡುತ್ತಿತ್ತು. ಅವಳು ಚಾ ತಂದುಕೊಟ್ಟು ಸೆಟ್ಟಿನ ಹಾಳೆ ತಿರುವಿದಳು. ಅದರಲ್ಲಿ ಇದ್ದ ಬಹುತೇಕ ಎಲ್ಲವೂ ಅವಳ ಹತ್ತಿರ ಆಗಲೇ ಇತ್ತು. ಆ ಉರ್ದು ನೋಟ್‌ಬುಕ್ಕು ತೆಗೆದು ಬೆರಳಿಟ್ಟು ಓದಿದಳು, ಉರ್ದು ಅಕ್ಷರ ನೋಡುತ್ತಾ ಕನ್ನಡದಲ್ಲಿ ಹೇಳುತ್ತಾ. ಸ್ಪಾರ್ಟಾದ ಬಗ್ಗೆ ಗೀತಾ ಮೇಡಂ ಹೇಳಿದ್ದು. ರೆಡ್ಡಿ ಸಾರ್ ಕೇಳಿದ ಪ್ರಶ್ನೆ. ಗೋವಿಂದಪ್ಪ ಸಾರ್ ಕೊಟ್ಟ ಉತ್ತರ. ಅವಳು ನಮ್ಮ ಮಾತುಗಳನ್ನು ಬರೆದುಕೊಂಡದ್ದು ನಿಜವೇ ಆಗಿತ್ತು, ಒಂದೂ ಬಿಡದೆ. ಯಾರು ಹೇಳಿದ್ದೆಂದು ಹೆಸರು ಸಮೇತ.

"ಇದ್ಯಾಕೆ ಹೆಸ್ರು?"

"ನಿಮ್ಮ ದನಿ ನೆನಪಾದ್ರೆ ಪಾಠ ನೆನಪಾಗತ್ತೆ."

ಸೆಟ್ಟಿನಲ್ಲಿ ಅವಳ ಹತ್ತಿರ ಇಲ್ಲದ ಎರಡು ಅಧ್ಯಾಯ ಮಾತ್ರ ಇದ್ದವು. ಅವೆರಡನ್ನು ಬೇರೆ ತೆಗೆದಿಟ್ಟುಕೊಂಡಳು. ನಾಲ್ಕು ದಿನದಲ್ಲಿ ಅವಳು ಅವನ್ನು ಓದಿ ಬರೆಯಬೇಕಿತ್ತು. ಜನವರಿಯಲ್ಲೇ ಸಿಕ್ಕಿದ್ದರೆ ನಾಲ್ಕು ತಿಂಗಳು ಇರುತ್ತಿದ್ದವು.

"ಮಿಟಿಲೀನ್‌ದು ಗೊತ್ತಲ್ಲ ಮೇಡಂ," ಎಂದಳು. "ಊರು ಶರಣಾದ ಮೇಲೆ ಗಂಡಸರನ್ನೆಲ್ಲ ಕೊಂದ್ಬಿಡಿ ಅಂತ ಅಥೆನ್ಸಿನವ್ರು ತೀರ್ಮಾನ ಮಾಡಿ ಹಡಗು ಕಳ್ಸಿದ್ರು. ಮಾರನೇ ದಿನ ಮನಸ್ಸು ತಡೀಲಿಲ್ಲ. ಬೇಡ ಅಂತ ಇನ್ನೊಂದು ಹಡಗು ಕಳ್ಸಿದ್ರು. ಹುಟ್ಟು ಹಾಕೋರು ಊಟಾನೂ ಹುಟ್ಟು ಹಾಕ್ತಾನೇ ಮಾಡಿದ್ರು. ಆದೇಶ ಓದೋ ಹೊತ್ತಿಗೆ ಸರಿಯಾಗಿ ಬಂತು."

"ಹೂಂ. ಉಳ್ಕೊಂಡ್ರು."

"ಎಲ್ರೂ ಅಲ್ಲಿಗೆ ನಿಲ್ಲಿಸ್ತಾರೆ. ಆಮೇಲೆ ಮುಂದಾಳುಗಳನ್ನ ಕೊಂದಿದ್ದು, ಗೋಡೆ ಕೆಡವಿದ್ದು, ಹಡಗು ಕಿತ್ಕೊಂಡಿದ್ದು, ನೆಲ ಹಂಚ್ಕೊಂಡಿದ್ದು, ಅದನ್ನೂ ಬರೀಬೇಕು. ಸಾರ್ ಉತ್ರದಲ್ಲಿ ಅದಿಲ್ಲ ನೋಡಿ."

ಸಾರ್ ಉತ್ತರದ ಬಗ್ಗೆ ಹೇಳಿದಳೋ ನನ್ನ ಬಗ್ಗೆ ಹೇಳಿದಳೋ ಎಂದು ಅವಳ ಮುಖ ನೋಡಿದೆ. ಏನೂ ತಿಳಿಯಲಿಲ್ಲ. ಮಾತು ಬದಲಿಸಲೆಂದು, ನಾನೂ ಇಲ್ಲೇ ಕೂತು ಒಂದು ಉತ್ತರ ಬರೆದು ನೋಡುತ್ತೇನೆ ಎಂದೆ. ಹಾಳೆ ಕೊಟ್ಟಳು. ಮಿತ್ರ ಊರುಗಳು ತಿರುಗಿ ಬಿದ್ದದ್ದು ಯಾಕೆ ಎಂದು ತಲೆಬರಹ ಬರೆದೆ. ಎಂಟು ಸಾಲು ಆಯಿತು. ಒಂಬತ್ತನೇ ಸಾಲು ಬರಲಿಲ್ಲ. ಓದಿದ್ದೆಲ್ಲ ತಲೆಯಲ್ಲಿತ್ತು, ಕೈಗೆ ಇಳಿಯುತ್ತಿರಲಿಲ್ಲ. ಡಿಸೆಂಬರಿನಿಂದ ಒಂದು ಪುಟವೂ ಬರೆಯದ ಕೈ. ಶಾಹೀನಾ ನೋಡಿದಳು, ತನ್ನ ಹಾಳೆಗೆ ತಿರುಗಿದಳು.

ಪರೀಕ್ಷೆಯ ದಿನ ನಾನು ಅವಳಿಗಿಂತ ಎರಡು ಬೆಂಚು ಹಿಂದೆ. ಅಥೆನ್ಸಿನ ಮಿತ್ರ ಊರುಗಳ ದಂಗೆಗಳ ಮೇಲೆ ದೊಡ್ಡ ಪ್ರಶ್ನೆಯೇ ಬಂದಿತ್ತು. ಅವಳು ಹೆಚ್ಚುವರಿ ಹಾಳೆಗೆ ಎದ್ದು ನಿಂತಳು, ಮತ್ತೆ ನಿಂತಳು, ಇನ್ನೊಮ್ಮೆ ನಿಂತಳು. ರೆಡ್ಡಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಸಾರ್ ಮುಂದಿನ ಬೆಂಚಿನಲ್ಲಿ ತಲೆಯೆತ್ತದೆ ಬರೆಯುತ್ತಿದ್ದರು. ಮೊದಲಿಗೆ ಕೊಟ್ಟಿದ್ದ ಪುಸ್ತಿಕೆಯ ಹಾಳೆಗಳನ್ನೇ ನಾನು ಮುಗಿಸಲಿಲ್ಲ.

ಫಲಿತಾಂಶ ಬಂದ ದಿನ ಮೊದಲು ಅವಳ ನಂಬರು ಹುಡುಕಿದೆ. ಪಾಸಾಗಿದ್ದಳು. ಆಮೇಲೆ ನನ್ನದು. ಗ್ರೀಕ್ ಪೇಪರ್ ಹೋಗಿತ್ತು, ರೆಡ್ಡಿಯದೂ. ಸಾರ್ ಪಾಸು. ಆ ವರ್ಷವೇ ಅವರ ಗೈಡೂ ಬಂತು, ಹಿಂಬದಿಯಲ್ಲಿ ಅವರ ಫೋಟೋ. ಪುಸ್ತಕದಂಗಡಿಯಲ್ಲಿ ನಿಂತಲ್ಲೇ ತಿರುವಿ ನೋಡಿದೆ. ಸಾಮೋಸ್ ಇಟಲಿಯ ಪಕ್ಕದಲ್ಲೇ ಇತ್ತು. ಸಾರ್ ಮೇಲಿನ ಅನುಮಾನ ನಿಜವಾಗಿತ್ತು. ಶಾಹೀನಾಳ ಮೇಲಿನದು ಸುಳ್ಳಾಗಿತ್ತು. ಎರಡೂ ಬಂದದ್ದು ನನ್ನ ಒಂದೇ ತಲೆಯಿಂದ.

ಫಲಿತಾಂಶ ಬಂದ ಮೇಲೆ ಅವಳಿಗೆ ಫೋನು ಮಾಡಲು ಎರಡು ದಿನ ಬೇಕಾಯಿತು.

"ಮುಬಾರಕ್ ಕಣೇ," ಎಂದೆ. ಕಣೇ ಅನ್ನುವಾಗ ನಾಲಿಗೆ ಸ್ವಲ್ಪ ತಡವರಿಸಿತು.

"ಥ್ಯಾಂಕ್ಸ್ ಮೇಡಂ. ನಿಮ್ದು?"

"ಹೋಯ್ತು."

ಕೆಳಗಿನ ಯಂತ್ರದ ಸದ್ದು ಫೋನಿನಲ್ಲೂ ಕೇಳುತ್ತಿತ್ತು.

"ಭಾನುವಾರ ಬನ್ನಿ," ಎಂದಳು. "ನಾನೇನೂ ಬರೆದು ಕೊಡಲ್ಲ. ನೀವು ಬರೀಬೇಕು, ನಾನು ನೋಡ್ತೀನಿ."

ಫೋನು ಇಟ್ಟೆ. ಇವಳು ನನ್ನನ್ನು ಯಾಕೆ ಕರೆಯುತ್ತಿದ್ದಾಳೆ, ಇದರಿಂದ ಇವಳಿಗೆ ಏನು ಸಿಗಬೇಕು ಎಂದು ಬುಧವಾರದವರೆಗೆ ಯೋಚಿಸಿದೆ. ಗುರುವಾರವೂ ಯೋಚಿಸಿದೆ. ಉತ್ತರ ಸಿಗಲಿಲ್ಲ. ಭಾನುವಾರ ಮೊದಲ ಬಸ್ಸಿಗೆ ಹೋದೆ.